ಗೊರಕೆ, ಕಟ್ಟುವ ಉಸಿರು, ಗಂಟಲಿನ ಚಿತ್ರ: ಯಾವ ಸ್ಕ್ಯಾನ್ ಯಾರಿಗೆ?

ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಎಂದು ನೋಡುವ ಪರೀಕ್ಷೆ, ಅದರ ರಿಪೋರ್ಟ್ ಕೈಗೆ ಬಂದ ಮೇಲೆ ಜನ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಇನ್ನು ಗಂಟಲಿಗೆ ಸ್ಕ್ಯಾನ್ ಮಾಡಿಸಬೇಕಾ? ಮಾಡಿಸಿದರೆ ಯಾವುದು? ಕೊಡಗಿನಲ್ಲಿ ಈ ಪ್ರಶ್ನೆಗೆ ತೂಕ ಇನ್ನೂ ಜಾಸ್ತಿ. ನಮ್ಮ ಜಿಲ್ಲೆಗೆ ರೈಲಿಲ್ಲ. ದೊಡ್ಡ ಪರೀಕ್ಷೆ ಅಂದರೆ ಕುಶಾಲನಗರ ದಾಟಿ ಮೈಸೂರಿಗೆ, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ. ಕೆಲವರಂತೂ ಸೀದಾ ಬೆಂಗಳೂರಿಗೇ ಹೋಗುತ್ತಾರೆ. ಒಂದು ಪರೀಕ್ಷೆಗೆ ಒಂದು ದಿನ ಪೂರ್ತಿ ಹೋಗುತ್ತದೆ, ತೋಟದ ಕೆಲಸ ನಿಲ್ಲುತ್ತದೆ, ಜೊತೆಗೆ ಇನ್ನೊಬ್ಬರು ಬರಬೇಕು. ಇಷ್ಟೆಲ್ಲ ಮಾಡಿ ಬೇಡದ ಸ್ಕ್ಯಾನ್ ಮಾಡಿಸಿಕೊಂಡು ಬಂದರೆ ಬೇಜಾರಾಗುವುದು ಸಹಜ ಅಲ್ವಾ?

ನಾನು ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಮಾಡುವವನು. ಚಿತ್ರ ತೆಗೆಯುವುದೇ ನನ್ನ ಕೆಲಸ. ಆದರೂ ಹೇಳುತ್ತೇನೆ, ಚಿಕಿತ್ಸೆಯ ಬಗ್ಗೆ ಒಂದು ತೀರ್ಮಾನವಾದರೂ ಆ ಚಿತ್ರದಿಂದ ಬದಲಾಗುವಂತಿದ್ದರೆ ಮಾತ್ರ ಸ್ಕ್ಯಾನ್ ಮಾಡಿಸಿ. ಕೆಳಗಿನ ಹೋಲಿಕೆಯೆಲ್ಲ ಆ ಒಂದು ಮಾತಿನ ಮೇಲೇ ನಿಂತಿದೆ.

ಸ್ಕ್ಯಾನಿಗಿಂತ ಮೊದಲು

ಗಂಟಲಿನ ಯಾವ ಸ್ಕ್ಯಾನೂ ನಿಮಗೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆ) ಇದೆ ಅಥವಾ ಇಲ್ಲ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಸ್ಲೀಪ್ ಸ್ಟಡಿ. ನಿದ್ದೆಯಲ್ಲಿ 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಲೆಕ್ಕ ಹಾಕುತ್ತಾರೆ. ಉಸಿರು ಪೂರ್ತಿ ನಿಂತದ್ದು, ಅರೆಬರೆ ಕಟ್ಟಿದ್ದು ಎರಡೂ ಸೇರಿ ಗಂಟೆಗೆ ಸರಾಸರಿ ಎಷ್ಟು ಸಲ ಆಯಿತು ಎನ್ನುವ ಸಂಖ್ಯೆಗೆ ಎಎಚ್‌ಐ ಅಂತ ಹೆಸರು. ದೊಡ್ಡವರಲ್ಲಿ 5ರಿಂದ 15ರೊಳಗೆ ಇದ್ದರೆ ಸೌಮ್ಯ, 15ರಿಂದ 30ರೊಳಗೆ ಇದ್ದರೆ ಮಧ್ಯಮ, 30 ದಾಟಿದರೆ ತೀವ್ರ. ಈ ಸಂಖ್ಯೆ ಸ್ಕ್ಯಾನ್ ರಿಪೋರ್ಟಿನಲ್ಲಿ ಎಲ್ಲೂ ಸಿಗುವುದಿಲ್ಲ.

ಹಾಗಾದರೆ ಚಿತ್ರ ಯಾಕೆ? ಗಂಟಲು ಎಲ್ಲಿ ಮುಚ್ಚುತ್ತದೆ, ಯಾವ ದಿಕ್ಕಿನಿಂದ ಮುಚ್ಚುತ್ತದೆ, ಯಾಕೆ ಮುಚ್ಚುತ್ತದೆ ಎಂದು ನೋಡುವುದಕ್ಕೆ. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಉಸಿರಿನ ದಾರಿಗೆ ಸುತ್ತ ಗಟ್ಟಿ ಮೂಳೆಯ ಚೌಕಟ್ಟಿಲ್ಲ. ಅದನ್ನು ತೆರೆದಿಡುವುದು ಸ್ನಾಯುಗಳು. ಎಚ್ಚರವಿದ್ದಾಗ ಅವು ಬಿಗಿಯಾಗಿರುತ್ತವೆ. ನಿದ್ದೆ ಬಂದ ಕೂಡಲೇ, ಅದರಲ್ಲೂ ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಸ್ನಾಯು, ಸಡಿಲವಾಗುತ್ತವೆ. ಉಸಿರು ಒಳಗೆ ಎಳೆದಾಗ ಒಳಗಿನ ಒತ್ತಡ ಇಳಿದು ಗಂಟಲಿನ ಗೋಡೆಗಳು ಒಳಕ್ಕೆ ಎಳೆಯಲ್ಪಡುತ್ತವೆ. ದಾರಿ ಮೊದಲೇ ಸಣ್ಣದಿದ್ದರೆ ಅಲ್ಲಿಗೆ ಮುಚ್ಚಿಕೊಳ್ಳುತ್ತದೆ.

ಮುಚ್ಚುವ ಜಾಗ ಮುಖ್ಯವಾಗಿ ನಾಲ್ಕು. ಮೇಲೆ ಮೆದು ಅಂಗುಳ, ಅಂದರೆ ಕಿರುನಾಲಿಗೆ ನೇತಾಡುವ ಜಾಗ. ಅದರ ಕೆಳಗೆ ಟಾನ್ಸಿಲ್ ಇರುವ ಪಕ್ಕದ ಗೋಡೆಗಳು. ಆಮೇಲೆ ನಾಲಿಗೆಯ ಬುಡ. ಕಡೆಗೆ ಎಪಿಗ್ಲಾಟಿಸ್, ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚುವ ಎಲೆಯಾಕಾರದ ಮೃದ್ವಸ್ಥಿ. ಬಹಳ ಜನರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ಮುಚ್ಚುತ್ತದೆ.

ಇಲ್ಲಿ ಒಂದು ತೊಡಕಿದೆ, ಸ್ಕ್ಯಾನ್‌ಗಳನ್ನು ಹೋಲಿಸುವಾಗ ಇದೇ ಮುಖ್ಯ. ಹೆಚ್ಚಿನ ಸ್ಕ್ಯಾನ್ ತೆಗೆಯುವುದು ಎಚ್ಚರವಿದ್ದಾಗ. ಕಾಯಿಲೆ ಇರುವುದು ನಿದ್ದೆಯಲ್ಲಿ. ಬೇಸಿಗೆಯಲ್ಲಿ ಸಂಪಾಜೆ ಘಾಟಿಯ ಫೋಟೋ ತೆಗೆದರೆ ರಸ್ತೆ ಎಲ್ಲಿ ಕಿರಿದು, ಬರೆ ಎಲ್ಲಿ ಎತ್ತರ ಅಂತ ಗೊತ್ತಾಗುತ್ತದೆ. ಜುಲೈ ಮಳೆಯಲ್ಲಿ ಯಾವ ಬರೆ ಜರಿದು ರಸ್ತೆ ಮುಚ್ಚುತ್ತದೆ ಅಂತ ಆ ಫೋಟೋ ಖಂಡಿತವಾಗಿ ಹೇಳುವುದಿಲ್ಲ. ಎಚ್ಚರದ ಸ್ಕ್ಯಾನ್ ಕೊಡುವುದೂ ಇಷ್ಟನ್ನೇ.

ಎಲ್ಲಕ್ಕಿಂತ ಅಗ್ಗದ ಚಿತ್ರ ಮನೆಯಲ್ಲೇ ಇದೆ

ಗೋಣಿಕೊಪ್ಪ ಕಡೆಯ ಒಬ್ಬ ಕಾಫಿ ಬೆಳೆಗಾರರ ಮನೆಯವರು ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಿದ್ದರು. ಕಂಬಳಿ ಹೊದ್ದು ಅಂಗಾತ ಮಲಗಿದ್ದಾರೆ. ಜೋರು ಗೊರಕೆ. ಇದ್ದಕ್ಕಿದ್ದ ಹಾಗೆ ಸದ್ದು ನಿಂತಿತು. "ಈಗ ನೋಡಿ ಅಣ್ಣ, ಹೊಟ್ಟೆ ಏಳ್ತಾ ಇದೆ, ಉಸಿರಿನ ಸದ್ದು ಮಾತ್ರ ಇಲ್ಲ" ಎಂದರು ಅವರು. ಹೌದು, ಕಂಬಳಿ ಏರಿಳಿಯುತ್ತಿತ್ತು. ಎದೆ ಒಳಗೆ ಹೋಗುವಾಗ ಹೊಟ್ಟೆ ಹೊರಗೆ ಬರುತ್ತಿತ್ತು. ಆಮೇಲೆ ಒಂದು ದೊಡ್ಡ ಗೊರ್ ಸದ್ದು, ಮಗ್ಗುಲು ಬದಲಾವಣೆ, ಮತ್ತೆ ಗೊರಕೆ.

ಆ ವಿಡಿಯೋದಲ್ಲಿ ಬಹಳ ಮಾಹಿತಿ ಇದೆ. ಎದೆ, ಹೊಟ್ಟೆ ಕಷ್ಟಪಡುತ್ತಿದ್ದರೂ ಗಾಳಿ ಹೋಗುತ್ತಿಲ್ಲ ಅಂದರೆ ದಾರಿ ಮುಚ್ಚಿದೆ ಎಂಬ ಅನುಮಾನ. ಎದೆಯೇ ಅಲುಗಾಡದೆ ಉಸಿರು ನಿಂತರೆ ವಿಷಯ ಬೇರೆ, ಅಲ್ಲಿ ಮಿದುಳಿನಿಂದಲೇ ಸೂಚನೆ ಹೋಗುತ್ತಿಲ್ಲದಿರಬಹುದು. ಅಂಥವರಿಗೆ ಗಂಟಲಿನ ಸ್ಕ್ಯಾನಿನಿಂದ ಹೆಚ್ಚು ಪ್ರಯೋಜನ ಇರುವುದಿಲ್ಲ. ಅಂಗಾತ ಮಲಗಿದಾಗ ಒಂದು, ಮಗ್ಗುಲಲ್ಲಿ ಮಲಗಿದಾಗ ಒಂದು ವಿಡಿಯೋ ತೆಗೆಯಿರಿ. ಕಂಬಳಿ ಸ್ವಲ್ಪ ಸರಿಸಿ, ಎದೆ ಹೊಟ್ಟೆ ಎರಡೂ ಕಾಣಲಿ. ಡಾಕ್ಟರಿಗೆ ಅದನ್ನು ತೋರಿಸಿ.

ಪಕ್ಕದ ಎಕ್ಸ್‌ರೇ: ಸೆಫಲೋಗ್ರಾಂ

ಹಲ್ಲು ಸರಿಪಡಿಸುವ ಡಾಕ್ಟರುಗಳು ಕ್ಲಿಪ್ ಹಾಕುವ ಮುಂಚೆ ತಲೆಯ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸುತ್ತಾರೆ. ಅದೇ ಇದು. ನಿಂತುಕೊಂಡೋ ಕೂತುಕೊಂಡೋ ತೆಗೆಯುತ್ತಾರೆ, ಕೆಲವೇ ಸೆಕೆಂಡಿನ ಕೆಲಸ. ವಿಕಿರಣ ತೀರಾ ಕಡಿಮೆ. ಸುತ್ತಲಿನ ನೆಲ, ಗಾಳಿ, ಆಕಾಶದಿಂದ ಒಂದೆರಡು ದಿನದಲ್ಲಿ ನಮ್ಮೆಲ್ಲರ ಮೈಗೆ ಸಹಜವಾಗಿ ಬೀಳುವಷ್ಟು ಮಾತ್ರ.

ಇದರಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ. ಕೆಳದವಡೆ ಹಿಂದೆ ಸರಿದಿದೆಯಾ, ಗಂಟಲ ಮುಂಭಾಗದ ಹಯಾಯ್ಡ್ ಮೂಳೆ ಇರಬೇಕಾದ್ದಕ್ಕಿಂತ ಕೆಳಗಿದೆಯಾ, ನಾಲಿಗೆಯ ಬುಡಕ್ಕೂ ಹಿಂಗೋಡೆಗೂ ನಡುವೆ ಕಪ್ಪು ಪಟ್ಟಿಯಂತೆ ಕಾಣುವ ಗಾಳಿಯ ಜಾಗ ಎಷ್ಟು ಅಗಲ, ಇವೆಲ್ಲ ಅಳೆಯಬಹುದು. ತೂಕ ಇಲ್ಲದ ಸಣಕಲು ಮೈಯವರಿಗೂ ಆಪ್ನಿಯಾ ಬರುತ್ತದೆ. ಅಂಥವರ ಸೆಫಲೋಗ್ರಾಂನಲ್ಲಿ ಚಿಕ್ಕ ದವಡೆ ಕಂಡರೆ ಕಾರಣದ ಒಂದು ಎಳೆ ಸಿಕ್ಕಿದ ಹಾಗೆ. "ದಪ್ಪ ಇದ್ದವರಿಗೆ ಮಾತ್ರ ಬರುವ ಕಾಯಿಲೆ" ಎಂದು ಕೂತವರಿಗೆ ಈ ಒಂದು ಚಿತ್ರ ಸಾಕು.

ಇದರ ಕೊರತೆ ದೊಡ್ಡದು. ಪಕ್ಕದಿಂದ ತೆಗೆದ ಚಪ್ಪಟೆ ಚಿತ್ರವಾದ್ದರಿಂದ ಎಡಬಲದ ಗೋಡೆಗಳು ಒಳಗೆ ಬಂದಿವೆಯಾ ಎಂದು ಗೊತ್ತೇ ಆಗುವುದಿಲ್ಲ. ಆಪ್ನಿಯಾದಲ್ಲಿ ಆ ಪಕ್ಕದ ಗೋಡೆಗಳ ಪಾತ್ರ ಬಹಳ ಇದೆ. ದವಡೆ ಮುಂದೆ ತರುವ ಹಲ್ಲಿನ ಸಾಧನ ಅಥವಾ ದವಡೆಯ ಆಪರೇಷನ್ ಬಗ್ಗೆ ಯೋಚಿಸುವವರಿಗೆ ಸೆಫಲೋಗ್ರಾಂ ಉಪಯೋಗಕ್ಕೆ ಬರುತ್ತದೆ. ಬೇರೆಯವರಿಗೆ ಅಷ್ಟೇನೂ ಇಲ್ಲ.

ಸಿಬಿಸಿಟಿ, ಸಿ.ಟಿ.

ಸಿಬಿಸಿಟಿ ಹಲ್ಲಿನ ಡಾಕ್ಟರುಗಳ ಮೂರು ಆಯಾಮದ ಸ್ಕ್ಯಾನ್. ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ. ಉಸಿರಿನ ದಾರಿಯ ಒಟ್ಟು ಗಾತ್ರ ಎಷ್ಟು, ಅತಿ ಕಿರಿದಾದ ಜಾಗ ಎಲ್ಲಿ, ಅಲ್ಲಿ ಎಷ್ಟು ಚದರ ಮಿಲಿಮೀಟರ್ ಎಂದು ಕಂಪ್ಯೂಟರ್ ಬಣ್ಣ ಹಾಕಿ ತೋರಿಸುತ್ತದೆ. ನೋಡಲು ತುಂಬ ಚೆಂದ. ಆ ಬಣ್ಣ ನೋಡಿ ಮರುಳಾಗಬೇಡಿ. ಸ್ಕ್ಯಾನ್ ನಡೆಯುವಾಗ ಒಂದು ಸಲ ಎಂಜಲು ನುಂಗಿದರೆ, ನಾಲಿಗೆ ಸ್ವಲ್ಪ ಹಿಂದೆ ಹೋದರೆ, ತಲೆ ತುಸು ಬಾಗಿದರೆ ಅಳತೆಯೇ ಬೇರೆಯಾಗುತ್ತದೆ. ಇದೂ ಬಹಳ ಕಡೆ ಕೂತು ಅಥವಾ ನಿಂತು ತೆಗೆಯುವ ಸ್ಕ್ಯಾನ್. ಕೂತಾಗ ನಾಲಿಗೆ ಇರುವ ಜಾಗವೇ ಬೇರೆ, ಅಂಗಾತ ಮಲಗಿದಾಗ ಅದು ಬೀಳುವ ಜಾಗವೇ ಬೇರೆ. ಗಾಳಿಗೂ ಮಾಂಸಕ್ಕೂ ಇರುವ ಗಡಿ ಸ್ಪಷ್ಟವಾಗಿ ಕಾಣುತ್ತದೆ ನಿಜ. ಆ ಮಾಂಸದಲ್ಲಿ ಕೊಬ್ಬು ಯಾವುದು, ಸ್ನಾಯು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಮಾಮೂಲಿ ಸಿ.ಟಿ.ಯಲ್ಲಿ ಮಲಗಿಸಿ ತೆಗೆಯುತ್ತಾರೆ. ಗಂಟಲಿನ ಭಾಗ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಮೂಳೆ, ಗಾಳಿ ಎರಡೂ ಚೆನ್ನಾಗಿ ಬರುತ್ತವೆ. ವಿಕಿರಣ ಮಾತ್ರ ಸೆಫಲೋಗ್ರಾಂಗಿಂತ ಎಷ್ಟೋ ಪಟ್ಟು ಜಾಸ್ತಿ. ಪ್ರಕೃತಿಯಿಂದ ಒಬ್ಬರ ಮೈಗೆ ವರ್ಷಕ್ಕೆ ಬೀಳುವುದು ಜಗತ್ತಿನ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್. ಕುತ್ತಿಗೆಯ ಒಂದು ಸಿ.ಟಿ. ಹೆಚ್ಚುಕಮ್ಮಿ ಅಷ್ಟನ್ನೇ ಒಂದೇ ಸಲಕ್ಕೆ ಕೊಡಬಹುದು. ಬೇಕಾದಾಗ ಹೆದರಬೇಕಾದ ಪ್ರಮಾಣವೇನಲ್ಲ. ಸುಮ್ನೆ ಕುತೂಹಲಕ್ಕೆ ಮಾಡಿಸುವಷ್ಟು ಹಗುರವೂ ಅಲ್ಲ. ಮಕ್ಕಳಿಗಂತೂ ನಾನು ಇದನ್ನು ಕಡೆಯ ಆಯ್ಕೆ ಎಂದೇ ಹೇಳುತ್ತೇನೆ.

ಸಿ.ಟಿ. ನಿಜವಾಗಿ ಬೇಕಾಗುವುದು ಯಾವಾಗ? ಮೇಲಿನ, ಕೆಳಗಿನ ದವಡೆ ಎರಡನ್ನೂ ಕತ್ತರಿಸಿ ಮುಂದೆ ತರುವ ಆಪರೇಷನ್‌ಗೆ ಲೆಕ್ಕ ಹಾಕುವಾಗ. ಮೂಗಿನ ಒಳಗೋಡೆ, ಸೈನಸ್ ತೊಂದರೆ ನೋಡುವಾಗ. ಇನ್ನೊಂದು ಸಂದರ್ಭ ಇದೆ, ಅದನ್ನು ಯಾರೂ ತಡ ಮಾಡಬಾರದು. ಗೊರಕೆ ಹೊಸದಾಗಿ ಶುರುವಾಗಿ, ಜೊತೆಗೆ ಧ್ವನಿ ಬದಲಾದರೆ, ನುಂಗಲು ಕಷ್ಟವಾದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಅದು ಬರೀ ಆಪ್ನಿಯಾದ ಮಾತಾಗಿ ಉಳಿಯುವುದಿಲ್ಲ. ಆಗ ಇಎನ್‌ಟಿ ಡಾಕ್ಟರ್ ಹೇಳಿದ ಸಿ.ಟಿ. ಅಥವಾ ಎಂಆರ್‌ಐ ಆ ವಾರವೇ ಆಗಲಿ.

ಸಂಶೋಧಕರು ಸಿ.ಟಿ. ಚಿತ್ರದಿಂದ ಗಂಟಲಿನ ಮಾದರಿ ಕಟ್ಟಿ, ಗಾಳಿ ಎಲ್ಲಿ ಎಷ್ಟು ವೇಗದಲ್ಲಿ ಹರಿಯುತ್ತದೆ, ಒತ್ತಡ ಎಲ್ಲಿ ಕುಸಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಅಧ್ಯಯನಕ್ಕೆ ಒಳ್ಳೆಯದು. ನಿಮ್ಮ ನನ್ನ ಚಿಕಿತ್ಸೆಗೆ ಅದು ಇನ್ನೂ ಮಾಮೂಲಿಯಾಗಿ ಬಳಕೆಗೆ ಬಂದಿಲ್ಲ.

ಎಂಆರ್‌ಐ: ಮಾಂಸ, ಕೊಬ್ಬು ನೋಡುವುದಕ್ಕೆ

ವಿಕಿರಣವೇ ಇಲ್ಲ. ಮೆದು ಭಾಗಗಳನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸ್ಕ್ಯಾನ್ ಬೇರೆ ಇಲ್ಲ. ಆಪ್ನಿಯಾ ಯಾಕೆ ಬರುತ್ತದೆ ಎಂಬ ತಿಳಿವಳಿಕೆಯಲ್ಲಿ ಎಂಆರ್‌ಐನ ಪಾಲು ದೊಡ್ಡದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಶ್ವಾಬ್ ಮತ್ತು ಜೊತೆಯವರು ಗಂಟಲಿನ ಪಕ್ಕದ ಗೋಡೆಗಳ ದಪ್ಪ, ನಾಲಿಗೆಯ ಗಾತ್ರ ಇವು ಆಪ್ನಿಯಾ ಇರುವವರಲ್ಲಿ ಜಾಸ್ತಿ ಎಂದು ಎಂಆರ್‌ಐನಿಂದ ಅಳೆದು ತೋರಿಸಿದರು. ಆಮೇಲೆ ಅದೇ ತಂಡ ನಾಲಿಗೆಯೊಳಗಿನ ಕೊಬ್ಬನ್ನು ಅಳೆಯಿತು. ನಾಲಿಗೆಯಲ್ಲಿ ಕೊಬ್ಬು ಕೂರುತ್ತದೆ ಎಂದರೆ ಜನ ನಂಬುವುದಿಲ್ಲ. ಸ್ಕ್ಯಾನಿನಲ್ಲಿ ಸ್ನಾಯುವಿನ ಬೂದು ಬಣ್ಣದ ನಡುವೆ, ಅದರಲ್ಲೂ ಬುಡದ ಹತ್ತಿರ, ಬೆಳ್ಳಗೆ ಎಳೆ ಎಳೆಯಾಗಿ ಅದು ಕಾಣುತ್ತದೆ.

2020ರಲ್ಲಿ ಪ್ರಕಟವಾದ ಅವರ ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬೊಜ್ಜು ಮತ್ತು ಆಪ್ನಿಯಾ ಎರಡೂ ಇದ್ದ 67 ಜನ ಆರು ತಿಂಗಳಲ್ಲಿ ಸರಾಸರಿ ಸುಮಾರು 10 ಶೇಕಡ ತೂಕ ಇಳಿಸಿದರು. ಆಪ್ನಿಯಾ ಸುಮಾರು 31 ಶೇಕಡ ಕಡಿಮೆಯಾಯಿತು. ಮುಂಚೆ ಒಂದು, ಆಮೇಲೆ ಒಂದು ಎಂಆರ್‌ಐ ಮಾಡಿ ನೋಡಿದಾಗ, ಆ ಸುಧಾರಣೆಯ ಹಿಂದಿನ ದೊಡ್ಡ ಕಾರಣ ನಾಲಿಗೆಯ ಕೊಬ್ಬು ಇಳಿದದ್ದು. ಅಂದರೆ ಡಾಕ್ಟರ್ "ತೂಕ ಇಳಿಸಿ" ಎನ್ನುವುದು ಬಾಯಿಮಾತಿನ ಉಪದೇಶವಾಗಿ ಉಳಿದಿಲ್ಲ. ಹೊಟ್ಟೆಯ ಜೊತೆ ಉಸಿರಿನ ದಾರಿಯ ಪಕ್ಕದಲ್ಲೂ ಕೊಬ್ಬು ಕರಗುತ್ತದೆ. ಇದನ್ನು ತಿಳಿಯಲು ನೀವು ಮತ್ತೆ ಎಂಆರ್‌ಐ ಮಾಡಿಸಬೇಕಿಲ್ಲ ಎನ್ನುವುದೂ ಅಷ್ಟೇ ನಿಜ.

ಕಷ್ಟಗಳೂ ಇವೆ. ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಕಿರಿದಾದ ಸುರಂಗದಲ್ಲಿ ಅಲುಗಾಡದೆ ಅಂಗಾತ ಮಲಗಬೇಕು. ತೀವ್ರ ಆಪ್ನಿಯಾ ಇರುವವರಿಗೆ ಅಂಗಾತ ಮಲಗುವುದೇ ಹಿಂಸೆ. ಸದ್ದು ಎಷ್ಟಿರುತ್ತದೆ ಎಂದರೆ ಕಿವಿಗೆ ಹತ್ತಿ, ಹೆಡ್‌ಫೋನ್ ಹಾಕಲೇಬೇಕು. ಪೇಸ್‌ಮೇಕರ್ ಅಥವಾ ಬೇರೆ ಲೋಹದ ಸಾಧನ ಒಳಗಿದ್ದರೆ ಮೊದಲೇ ಹೇಳಿ. ಕರಿಮಣಿ, ಓಲೆ, ಬಳೆ ಎಲ್ಲ ಮನೆಯಲ್ಲೇ ತೆಗೆದಿಟ್ಟು ಬಂದರೆ ಒಳ್ಳೆಯದು. ಸ್ಕ್ಯಾನ್ ಕೋಣೆಯ ಹೊರಗೆ ಅವನ್ನು ಹಿಡಿದು ಕಾಯುವ ಆತಂಕ ಇರುವುದಿಲ್ಲ.

ಇದರಲ್ಲೇ ಇನ್ನೊಂದು ಬಗೆ ಇದೆ, ಸಿನಿ ಎಂಆರ್‌ಐ. ಒಂದರ ಹಿಂದೆ ಒಂದು ಬೇಗ ಬೇಗ ಚಿತ್ರ ತೆಗೆದು ಚಲಿಸುವ ಗಂಟಲನ್ನೇ ತೋರಿಸುತ್ತದೆ. ಅಂಗುಳದಿಂದ ಎಪಿಗ್ಲಾಟಿಸ್‌ವರೆಗೆ ಇಡೀ ದಾರಿ ಒಂದೇ ಚೌಕಟ್ಟಿನಲ್ಲಿ ಕಾಣುವುದು ಇದರ ದೊಡ್ಡ ಗುಣ. ಆ ಸದ್ದಿನಲ್ಲಿ ನಿದ್ದೆ ಬರುವುದು ಕಷ್ಟ, ಹಾಗಾಗಿ ಹಲವು ಸಲ ನಿದ್ದೆಯ ಮದ್ದು ಬೇಕಾಗುತ್ತದೆ. ಇದು ಹೆಚ್ಚು ನೆರವಾದದ್ದು ಮಕ್ಕಳಲ್ಲಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ತೆಗೆದ ಮೇಲೂ ಆಪ್ನಿಯಾ ಉಳಿದುಬಿಡುವುದುಂಟು. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯವರು 2004ರಲ್ಲೇ ಅಂಥ ಮಕ್ಕಳಿಗೆ ಸಿನಿ ಎಂಆರ್‌ಐ ಮಾಡಿ, ದೊಡ್ಡ ನಾಲಿಗೆ ಹಿಂದಕ್ಕೆ ಬೀಳುವುದು, ಅಡಿನಾಯ್ಡ್ ಮತ್ತೆ ಬೆಳೆಯುವುದು ಇಂಥ ಕಾರಣಗಳನ್ನು ತೋರಿಸಿಕೊಟ್ಟರು. ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ, ಟಾನ್ಸಿಲ್ ಆಪರೇಷನ್ ಆದ ಮೇಲೂ ಮಗು ನಿದ್ದೆಯಲ್ಲಿ ಒದ್ದಾಡುತ್ತಿದ್ದರೆ, ಈ ಪರೀಕ್ಷೆಯ ಬಗ್ಗೆ ದಯವಿಟ್ಟು ಕೇಳಿ. ಎಲ್ಲ ಕಡೆ ಮಾಡುವುದಿಲ್ಲ, ಎಂಆರ್‌ಐ ಯಂತ್ರ ಇದ್ದ ಮಾತ್ರಕ್ಕೆ ಇದೂ ಇದೆ ಅಂತ ಅಂದುಕೊಳ್ಳಬೇಡಿ. ಮೊದಲು ಫೋನ್ ಮಾಡಿ.

ಡೈಸ್: ಮದ್ದಿನ ನಿದ್ದೆಯಲ್ಲಿ ಕ್ಯಾಮೆರಾ

ಇದು ಸ್ಕ್ಯಾನ್ ಯಂತ್ರದ ಕೆಲಸ ಅಲ್ಲ, ದುರ್ಬೀನಿನ ಕೆಲಸ. ಆದರೂ ಹೋಲಿಕೆಯಲ್ಲಿ ಇದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಆಪರೇಷನ್ ಬಗ್ಗೆ ಯೋಚಿಸುತ್ತಿರುವ ದೊಡ್ಡವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗ ಇದರಿಂದಲೇ ಎಂದು ನನ್ನ ಅಭಿಪ್ರಾಯ.

ಲಂಡನ್ನಿನ ಕ್ರಾಫ್ಟ್ ಮತ್ತು ಪ್ರಿಂಗಲ್ ಎಂಬ ವೈದ್ಯರು 1991ರಲ್ಲಿ ಇದನ್ನು ಮೊದಲು ವಿವರಿಸಿದರು. ಅರಿವಳಿಕೆ ಡಾಕ್ಟರ್ ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮದ್ದನ್ನು ನಿಧಾನವಾಗಿ ಕೊಡುತ್ತಾರೆ. ರೋಗಿಗೆ ಗೊರಕೆ ಬರುವಷ್ಟು ನಿದ್ದೆ ಬಂದಾಗ ಇಎನ್‌ಟಿ ಡಾಕ್ಟರ್ ಮೂಗಿನಿಂದ ತೆಳುವಾದ ಬಾಗುವ ದುರ್ಬೀನು ಇಳಿಸುತ್ತಾರೆ.

ಪರದೆಯ ಮೇಲೆ ಕಾಣುವುದನ್ನು ಹೇಳುತ್ತೇನೆ. ಮೊದಲು ತೇವದ ಗುಲಾಬಿ ಗೋಡೆಗಳು, ನಡುವೆ ಕಪ್ಪು ದಾರಿ. ಮೆದು ಅಂಗುಳ ಪ್ರತಿ ಉಸಿರಿಗೂ ಪಟಪಟ ಅಲುಗುತ್ತದೆ. ಅದೇ ಗೊರಕೆಯ ಸದ್ದು. ನಿದ್ದೆ ಸ್ವಲ್ಪ ಆಳವಾದಂತೆ ಆ ಕಪ್ಪು ಜಾಗ ಚಿಕ್ಕದಾಗುತ್ತ ಬರುತ್ತದೆ. ಒಂದು ಉಸಿರಿಗೆ ಗೋಡೆಗಳು ಕೂಡಿಕೊಳ್ಳುತ್ತವೆ. ಪರದೆ ಪೂರ್ತಿ ಗುಲಾಬಿ, ಅಂಚಿನಲ್ಲಿ ಎಂಜಲಿನ ಗುಳ್ಳೆ. ಸದ್ದಿಲ್ಲ. ಪಕ್ಕದ ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ಒಂದೊಂದಾಗಿ ಇಳಿಯುತ್ತದೆ. ಆಗ ಡಾಕ್ಟರ್ ಕೆಳದವಡೆಯನ್ನು ಎರಡು ಕೈಯಲ್ಲಿ ಮೆಲ್ಲಗೆ ಮುಂದಕ್ಕೆ ಎತ್ತುತ್ತಾರೆ. ದಾರಿ ತೆರೆಯಿತೋ, ದವಡೆ ಮುಂದೆ ತರುವ ಹಲ್ಲಿನ ಸಾಧನ ಈ ವ್ಯಕ್ತಿಗೆ ಕೆಲಸ ಮಾಡಬಹುದು ಎಂಬ ಸೂಚನೆ ಅಲ್ಲೇ ಸಿಗುತ್ತದೆ. ಎಚ್ಚರದಲ್ಲಿ ತೆಗೆದ ಎಕ್ಸ್‌ರೇ, ಸಿ.ಟಿ. ಇದನ್ನು ಕೊಡುವುದಿಲ್ಲ.

ಕಂಡದ್ದನ್ನು ಬರೆಯಲು 2011ರಿಂದ ವೋಟ್ ಎಂಬ ಪದ್ಧತಿ ಬಳಕೆಯಲ್ಲಿದೆ. ಮೇಲೆ ಹೇಳಿದ ನಾಲ್ಕು ಜಾಗಗಳಲ್ಲಿ ಒಂದೊಂದರಲ್ಲೂ ಎಷ್ಟು ಮುಚ್ಚಿತು, ಮುಂದಿನಿಂದ ಹಿಂದಕ್ಕಾ, ಎರಡು ಪಕ್ಕದಿಂದಾ, ಸುತ್ತಲಿಂದಾ ಎಂದು ಗುರುತು ಹಾಕುತ್ತಾರೆ. ದಿಕ್ಕಿಗೆ ಯಾಕೆ ಇಷ್ಟು ಮಹತ್ವ? ಒಂದು ಉದಾಹರಣೆ ಸಾಕು. ನಾಲಿಗೆಯ ನರಕ್ಕೆ ಮೆಲ್ಲನೆ ವಿದ್ಯುತ್ ಕೊಟ್ಟು ನಾಲಿಗೆಯನ್ನು ಮುಂದೆ ತರುವ ಸಾಧನಕ್ಕೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಮೆದು ಅಂಗುಳ ಸುತ್ತಲಿಂದಲೂ ಪೂರ್ತಿ ಮುಚ್ಚುವವರಿಗೆ ಅದು ಸರಿಹೋಗುವುದಿಲ್ಲ ಎಂದು ಡೈಸ್ ನೋಡಿ ಅವರನ್ನು ಹೊರಗಿಟ್ಟರು. ಅಂಗುಳದ ಆಪರೇಷನ್ನಿಗೂ ಇದೇ ಮಾತು. ಮುಚ್ಚುತ್ತಿರುವುದು ನಾಲಿಗೆಯ ಬುಡದಲ್ಲಿ ಆದರೆ ಮೇಲೆ ಅಂಗುಳ ಕತ್ತರಿಸಿ ಏನು ಬಂತು? ನೋವು ಪೂರ್ತಿ ತಿಂದು, ಗೊರಕೆ ಹಾಗೇ ಉಳಿದವರ ಕಥೆ ನಮ್ಮ ಸುತ್ತ ಇದೆ. ಅದಕ್ಕೇ ಅಂಗುಳದ ಆಪರೇಷನ್ ಎಂದು ಯಾರಾದರೂ ಹೇಳಿದರೆ, "ಡೈಸ್ ಮಾಡಿ ನೋಡಿದ ಮೇಲೆ ತೀರ್ಮಾನ ಮಾಡೋಣವಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಕೊರತೆ ಇಲ್ಲವೇ? ಇದೆ. ಮದ್ದಿನ ನಿದ್ದೆ ನಿಜವಾದ ನಿದ್ದೆ ಆಗಲಾರದು. ಕನಸು ಬೀಳುವ ಹಂತದ ನಿದ್ದೆಯಲ್ಲಿ ಬಹಳ ಜನರಿಗೆ ಆಪ್ನಿಯಾ ಜೋರಾಗುತ್ತದೆ, ಡೈಸ್‌ನಲ್ಲಿ ಅದು ಕಾಣುವುದಿಲ್ಲ. ಮದ್ದು ಜಾಸ್ತಿಯಾದರೆ ಯಾರ ಗಂಟಲೂ ಮುಚ್ಚೀತು. ನೋಡುವ ಕಣ್ಣಿನ ಅನುಭವದ ಮೇಲೆ ರಿಪೋರ್ಟ್ ನಿಂತಿದೆ. ದುರ್ಬೀನು ಒಂದು ಸಲಕ್ಕೆ ಒಂದೇ ಮಟ್ಟ ನೋಡುತ್ತದೆ, ಮೇಲೆ ಮುಚ್ಚಿಕೊಂಡರೆ ಆ ಹೊತ್ತಿಗೆ ಕೆಳಗೆ ಏನಾಯಿತು ಗೊತ್ತಾಗದು. ಅರಿವಳಿಕೆ ಡಾಕ್ಟರ್, ಮಾನಿಟರ್, ತುರ್ತು ವ್ಯವಸ್ಥೆ ಇರುವ ಕಡೆಯೇ ಮಾಡಬೇಕು.

ಎಚ್ಚರದಲ್ಲೇ ಇಎನ್‌ಟಿ ಡಾಕ್ಟರ್ ಮೂಗು ಬಾಯಿ ಮುಚ್ಚಿ ಉಸಿರೆಳೆಯಲು ಹೇಳಿ ದುರ್ಬೀನಿನಲ್ಲಿ ನೋಡುವ ಮ್ಯೂಲರ್ ಪರೀಕ್ಷೆಯೂ ಇದೆ. ಓ.ಪಿ.ಡಿ.ಯಲ್ಲೇ ಆಗುತ್ತದೆ, ಖರ್ಚು ಕಡಿಮೆ. ಆದರೆ ಎಚ್ಚರದ ಗಂಟಲು ಎಚ್ಚರದ ಗಂಟಲೇ. ಅದೊಂದನ್ನೇ ನಂಬಿ ಆಪರೇಷನ್‌ಗೆ ಹೋಗುವುದು ಬೇಡ.

ಅಲ್ಟ್ರಾಸೌಂಡ್, ಬೆಳಕಿನ ಸ್ಕ್ಯಾನ್

ಗದ್ದದ ಕೆಳಗೆ ಅಲ್ಟ್ರಾಸೌಂಡ್ ಇಟ್ಟು ನಾಲಿಗೆಯ ದಪ್ಪ ಅಳೆಯಬಹುದು. ಅಗ್ಗ, ವಿಕಿರಣ ಇಲ್ಲ. ಗಾಳಿಯ ಆಚೆ ಅದು ನೋಡಲಾರದು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಮೂಗಿನಿಂದ ತೆಳು ಕೊಳವೆ ಇಳಿಸಿ ಬೆಳಕಿನಿಂದ ಗಂಟಲಿನ ಅಡ್ಡಕೊಯ್ತ ಅಳೆಯುವ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿಯನ್ನು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬೆಳೆಸಿದರು. ಸಹಜ ನಿದ್ದೆಯಲ್ಲೇ ಅಳೆಯಬಹುದು ಎಂಬುದು ಅದರ ದೊಡ್ಡ ಆಕರ್ಷಣೆ. ಸದ್ಯಕ್ಕೆ ಸಂಶೋಧನೆಯ ಸಾಧನ.

ನಿಮ್ಮ ಪರಿಸ್ಥಿತಿಗೆ ಯಾವುದು?

ಸ್ಲೀಪ್ ಸ್ಟಡಿ ಆಗಿದೆ, ಡಾಕ್ಟರ್ ಸಿಪ್ಯಾಪ್ (ಮಲಗುವಾಗ ಮಾಸ್ಕ್ ಮೂಲಕ ಗಾಳಿ ಊದುವ ಯಂತ್ರ) ಹೇಳಿದ್ದಾರೆ. ಹಾಗಿದ್ದರೆ ಸಾಮಾನ್ಯವಾಗಿ ಯಾವ ಸ್ಕ್ಯಾನೂ ಬೇಡ. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಶುರು ಮಾಡಿದ ಈ ಚಿಕಿತ್ಸೆಯಲ್ಲಿ ಗಾಳಿಯ ಒತ್ತಡವೇ ಎಲ್ಲ ಮಟ್ಟದಲ್ಲೂ ದಾರಿಯನ್ನು ತೆರೆದಿಡುತ್ತದೆ. ಎಲ್ಲಿ ಮುಚ್ಚುತ್ತದೆ ಎಂದು ತಿಳಿಯದೆಯೂ ಅದು ಕೆಲಸ ಮಾಡುತ್ತದೆ. ಸ್ಕ್ಯಾನಿಗೆ ಇಟ್ಟ ದುಡ್ಡನ್ನು ಒಳ್ಳೆಯ ಮಾಸ್ಕಿಗೆ, ಬ್ಯಾಟರಿ ಬ್ಯಾಕಪ್ಪಿಗೆ ಹಾಕಿ. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಸಿಪ್ಯಾಪ್ ಆಗುತ್ತಿಲ್ಲ, ಮೂಗು ಕಟ್ಟುತ್ತದೆ ಅನ್ನುವವರು ಮೊದಲು ಮೂಗು ತೋರಿಸಿ. ಬೇಕಾದರೆ ಮೂಗಿನ ಸಿ.ಟಿ. ಗಂಟಲಿನದು ಆಮೇಲೆ.

ಹಲ್ಲಿನ ಸಾಧನ ಬೇಕು ಅನ್ನುವವರಿಗೆ ಸೆಫಲೋಗ್ರಾಂ ಸಾಕಾಗಬಹುದು. ಅನುಮಾನ ಇದ್ದರೆ ಡೈಸ್‌ನಲ್ಲಿ ದವಡೆ ಎತ್ತಿ ನೋಡಿಸಿ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ನಾನು ಡೈಸ್ ಆರಿಸುತ್ತೇನೆ. ಅಂಗುಳ ಅಥವಾ ನಾಲಿಗೆ ಬುಡದ ಆಪರೇಷನ್‌ಗೆ ಡೈಸ್. ದವಡೆಯ ಆಪರೇಷನ್‌ಗೆ ಸಿಬಿಸಿಟಿ ಅಥವಾ ಸಿ.ಟಿ. ಟಾನ್ಸಿಲ್ ದೊಡ್ಡದಿರುವ ಆರೋಗ್ಯವಂತ ಮಗುವಿಗೆ ಬಾಯಿ ತೆರೆಸಿ ನೋಡಿದರೆ ಹೆಚ್ಚಿನದು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಗುಂಪಿನವರಿದ್ದಾರೆ. ಅವರ ಗಂಟಲಿನ ಚಿತ್ರದಲ್ಲಿ ಅಂಥ ದೊಡ್ಡ ದೋಷ ಕಾಣುವುದಿಲ್ಲ, ಆಪ್ನಿಯಾ ಮಾತ್ರ ಇದೆ. ಉಸಿರಾಟ ನಿಯಂತ್ರಿಸುವ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸುವುದು, ಸಣ್ಣ ತಡೆಗೂ ಎಚ್ಚರವಾಗಿಬಿಡುವುದು, ನಿದ್ದೆಯಲ್ಲಿ ಗಂಟಲ ಸ್ನಾಯು ಸರಿಯಾಗಿ ಸ್ಪಂದಿಸದಿರುವುದು ಇವೂ ಕಾರಣ ಆಗಬಲ್ಲವು. ಇವು ಯಾವ ಸ್ಕ್ಯಾನಿನಲ್ಲೂ ಬರುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂತು ಎಂದು ಚಿಕಿತ್ಸೆ ಬಿಡಬೇಡಿ.

ಈ ವಿಷಯದಲ್ಲಿ ಪ್ರಬಂಧ ಬರೆಯುವ ನಮ್ಮ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಗಳಿಗೂ ಒಂದು ಮಾತು. ಎಲ್ಲರನ್ನೂ ಒಂದೇ ಭಂಗಿಯಲ್ಲಿ, ಉಸಿರಿನ ಒಂದೇ ಹಂತದಲ್ಲಿ, ನಾಲಿಗೆ ಒಂದೇ ಕಡೆ ಇಟ್ಟು ಸ್ಕ್ಯಾನ್ ಮಾಡಿ. ಉಸಿರು ಬಿಟ್ಟ ಕೊನೆಯಲ್ಲಿ ಗಂಟಲು ಮುಚ್ಚುವ ಸಾಧ್ಯತೆ ಜಾಸ್ತಿ, ಅಳತೆಗೆ ಆ ಹಂತ ಒಳ್ಳೆಯದು. ಅಳೆಯುವವರಿಗೆ ಎಎಚ್‌ಐ ಮೊದಲೇ ಗೊತ್ತಿರಬಾರದು. ಸಿ.ಟಿ.ಯನ್ನು ಬರೀ ಅಧ್ಯಯನಕ್ಕಾಗಿ ಆರೋಗ್ಯವಂತರಿಗೆ ಮಾಡುವುದು ಬೇಡ, ಅದಕ್ಕೆ ಎಂಆರ್‌ಐ ಇದೆ.

ಹೊರಡುವ ಮುಂಚೆ

ಡಾಕ್ಟರ್ ಭೇಟಿ, ಸ್ಕ್ಯಾನ್ ಎರಡೂ ಒಂದೇ ದಿನಕ್ಕೆ ಹೊಂದಿಸಿಕೊಳ್ಳಿ. ತುರ್ತು ಇಲ್ಲದಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಂಗಳೂರು ಕಡೆಯ ದಿನಾಂಕ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಆ ರಸ್ತೆಗೆ ಏನಾಯಿತು ಎಂದು ನಾವು ನೋಡಿದ್ದೇವೆ. ಹುತ್ತರಿಯ ಊಟದ ಮರುದಿನವೇ ಪರೀಕ್ಷೆ ಇಟ್ಟುಕೊಳ್ಳಬೇಡಿ. ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಹಿಂದಿನ ದಿನ ಅದು ಬೇಡ.

ಡೈಸ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಎಷ್ಟು ಹೊತ್ತಿನಿಂದ ಎಂದು ಆಸ್ಪತ್ರೆಯವರೇ ಹೇಳುತ್ತಾರೆ, ಬೆಳಗಿನ ಕಾಫಿಯನ್ನೂ ಅವರನ್ನು ಕೇಳದೆ ಕುಡಿಯಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಪಟ್ಟಿ ಕೊಡಿ. ಅಂದು ನೀವು ಗಾಡಿ ಓಡಿಸಲೇಬಾರದು, ಮರುದಿನದವರೆಗೂ ಸ್ಟಿಯರಿಂಗ್ ಮುಟ್ಟಬೇಡಿ. ಮದ್ದಿನ ಮಾತು ಬಿಟ್ಟರೂ, ಆಪ್ನಿಯಾ ಇರುವವರು ಬೆಳಗಿನ ಜಾವ ಎದ್ದು ತಿತಿಮತಿ ಕಾಡು ದಾಟಿ ಹುಣಸೂರು ರಸ್ತೆಯಲ್ಲಿ ಒಬ್ಬರೇ ಗಾಡಿ ಓಡಿಸುವುದೇ ಅಪಾಯ. ಮಗನನ್ನೋ ತಮ್ಮನನ್ನೋ ಕರೆದುಕೊಂಡು ಹೋಗಿ.

ವಾಪಸ್ ಬರುವಾಗ ಒಂದು ಹಾಳೆಯ ರಿಪೋರ್ಟ್ ಮಾತ್ರ ಹಿಡಿದು ಬರಬೇಡಿ. ಸ್ಕ್ಯಾನಿನ ಪೂರ್ತಿ ಚಿತ್ರಗಳ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ. ಡೈಸ್ ಆದರೆ ವಿಡಿಯೋವನ್ನೇ ಕೇಳಿ. ಅದರ ಜೊತೆ ಸ್ಲೀಪ್ ಸ್ಟಡಿ ರಿಪೋರ್ಟಿನ ನಕಲು ಸೇರಿಸಿಡಿ. ಮುಂದೆ ಮಡಿಕೇರಿಯಲ್ಲೋ ಬೇರೆ ಊರಿನಲ್ಲೋ ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕಾದರೆ ಮತ್ತೆ ಅದೇ ಪರೀಕ್ಷೆ ಮಾಡಿಸುವುದು ತಪ್ಪುತ್ತದೆ.